ಹಿಡಿ ಮುರಿದ ಕಪ್ಪು

ನಂಬಬೇಡಿ. ನನ್ನ ಮಾತು ನಂಬಿ ಬಿಸಿಲಲ್ಲಿ ನಿಂತವರು ಭಾಳ ಜನ ಇದ್ದಾರೆ. ಕಾರ್ಖಾನೆಯಲ್ಲಿದ್ದಾಗ ದೊಡ್ಡ ಸಾಹೇಬರ ದನಿ ತೆಗೆದು ಫೋನ್ ಮಾಡಿ, ಇಡೀ ಸ್ಟೋರ್ಸ್ ವಿಭಾಗವನ್ನು ಗೇಟಿನ ಮುಂದೆ ಸಾಲಾಗಿ ನಿಲ್ಲಿಸಿದವನು ನಾನು. ಬಾರದ ಮಂತ್ರಿಗಾಗಿ ಎರಡು ತಾಸು ನಿಂತರು, ಕೈಯಲ್ಲಿ ಹಾರ ಹಿಡಿದು. ಇಂಥವನು, ಹತ್ತಾರು ದೇಶಗಳ ಜನರೆದುರು ಇಂಗ್ಲಿಷಿನಲ್ಲಿ ಮಾತಾಡಿದೆ, ಅವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು ಎಂದರೆ ನೀವು ನಗುತ್ತೀರಿ. ನಗಿರಿ. ಆದರೆ ಅದು ನಡೆದದ್ದು.

ಹೋದ ವಾರ ಹೈದರಾಬಾದಿನ ಕುಷಾಯಿಗೂಡದ ಈ ಮನೆ ಖಾಲಿ ಮಾಡತೊಡಗಿದಾಗ ಒಂದು ಕಪ್ಪು ಸಿಕ್ಕಿತು. ಬಿಳಿ ಪಿಂಗಾಣಿ, ಅಂಚಿಗೆ ನೀಲಿ ಗೆರೆ, ಹಿಡಿ ಮುರಿದಿದೆ. ಮೂಗಿನ ಹತ್ತಿರ ತಂದರೆ ಇಷ್ಟು ವರ್ಷದ ಮೇಲೂ ಫಿನಾಯಿಲ್ ವಾಸನೆ… ಅಥವಾ ನನಗೆ ಹಾಗನ್ನಿಸಿತೋ ಏನೋ. ಈ ಕಾಲೋನಿಯ ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ಎಂಜಿನಿಯರರಿದ್ದರು. ವರ್ಗವಾಗಿ ಹೋಗುವಾಗ ಅವರು ಹೊರಗೆಸೆದ ಸಾಮಾನಿನಿಂದ ಇದನ್ನು ಎತ್ತಿಕೊಂಡು ಬಂದಿದ್ದೆ. ಏಕೆಂಬುದು ಮುಂದೆ ತಿಳಿಯುತ್ತದೆ.

ಕಾಲೋನಿಯ ಪಾಯಖಾನೆಗಳನ್ನು ತೊಳೆಯಲು ಸೇಡಂ ಕಡೆಯ ಒಬ್ಬಾಕೆ ಬರುತ್ತಿದ್ದಳು. ಎಲ್ಲರೂ ‘ಸಫಾಯಿ’ ಎಂದಷ್ಟೇ ಕೂಗುತ್ತಿದ್ದರು. ನಾನೊಬ್ಬ ಮಾತ್ರ ಅಕ್ಕ ಎನ್ನುತ್ತಿದ್ದೆ, ಹಾಗೆನ್ನುತ್ತೇನೆಂದು ಕಂಡಕಂಡವರಿಗೆ ಹೇಳಿಕೊಳ್ಳುತ್ತಲೂ ಇದ್ದೆ. ನಾನೂ ಕಲಬುರಗಿಯವನೇ. ದಿನವಿಡೀ ತೆಲುಗು, ಹಿಂದಿ ಆಡಿ ದಣಿದ ನಾಲಿಗೆಗೆ ಆಕೆಯೊಡನೆ ಆಡುವ ಎರಡು ಮಾತು ಹಿತವಾಗಿರುತ್ತಿತ್ತು. ಒಮ್ಮೆ ಆಕೆಯ ಬಕೆಟ್ಟಿನಲ್ಲಿ ರಬ್ಬರ್ ಹಲ್ಲಿ ಹಾಕಿಟ್ಟೆ. ಮರುದಿನ ಅದು ನನ್ನ ಸ್ಕೂಟರಿನ ಡಿಕ್ಕಿಯಲ್ಲಿತ್ತು, ಜೊತೆಗೊಂದು ಜೀವಂತ ಹಲ್ಲಿಯೂ ಇತ್ತು.

ಹೈದರಾಬಾದಿನಲ್ಲಿ ಎಲ್ಲರ ಬಾಯಲ್ಲೂ ಕಂಪ್ಯೂಟರಿನ ಮಾತೇ ಇದ್ದ ಕಾಲ ಅದು. ಆ ಕಡೆ ಮಣಿಕೊಂಡದ ಸುತ್ತ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಆಗಲೇ ನಗರದಲ್ಲಿ ಒಂದು ದೊಡ್ಡ ಸಭೆ ಸೇರಿತು. ನಾನಾ ದೇಶಗಳ ಆದಿವಾಸಿಗಳು, ಕೂಲಿಕಾರರು, ನೇಪಾಳ, ಬಾಂಗ್ಲಾದ ಕಸ ಗುಡಿಸುವವರು, ಊರ ಹೊರಗೆ ಇಡಲ್ಪಟ್ಟವರೆಲ್ಲ ಬಂದು ತಮ್ಮ ಮಾತನ್ನು ತಾವೇ ಆಡುವ ಸಭೆ. ಸಫಾಯಿ ಹೆಂಗಸರ ಸಂಘದಿಂದ ಅಕ್ಕನ ಹೆಸರು ಹೋಗಿತ್ತು. ಆಕೆಗೆ ಹತ್ತು ನಿಮಿಷ ಕೊಟ್ಟಿದ್ದರು.

ತಾನು ಹೇಳುವುದನ್ನು ಅಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕೆಂದು ನನ್ನನ್ನು ಕೇಳಲು ಬಂದಳು. ತೆಲುಗಿನಲ್ಲೇ ಹೇಳಬಹುದಲ್ಲ, ಆ ಭಾಷೆ ಬಲ್ಲವರು ಅಲ್ಲಿ ಬೇಕಾದಷ್ಟಿರುತ್ತಾರೆ ಎಂದೆ.

“ತೆಲುಗಿನ್ಯಾಗ ಜಗಳ ಆಡಾಕ ಬರ್ತೈತಿ, ಅಣ್ಣಾ. ಇದು ಜಗಳ ಅಲ್ಲರಿ. ನನ್ನ ಮಾತಿನ್ಯಾಗ ಹೇಳ್ತೀನಿ. ನಾ ಅಂದಷ್ಟ ಅನ್ರಿ, ಮಸಾಲಿ ಹಾಕಬ್ಯಾಡ್ರಿ.”

ಕಾಲೋನಿಯಲ್ಲಿ ನನಗಿಂತ ಚೆನ್ನಾಗಿ ಇಂಗ್ಲಿಷ್ ಬಲ್ಲ ಕನ್ನಡದವರು ಇನ್ನೂ ನಾಲ್ವರಿದ್ದರು. ಆದರೂ ನನ್ನನ್ನೇ ಆರಿಸಿದಳಲ್ಲ ಎಂದು ಉಬ್ಬಿದೆ. ಮದುವೆಯ ಕೋಟಿಗೆ ಇಸ್ತ್ರಿ ಹಾಕಿಸಿದೆ.

ದೊಡ್ಡ ಶಾಮಿಯಾನ. ಯಾವ್ಯಾವುದೋ ದೇಶದ ಮುಖಗಳು, ಮೂಲೆಯಲ್ಲಿ ಯಾರದೋ ಡೋಲು. ಗಟಾರದ ಕತೆ ಹೇಳುತ್ತಾಳೆ ಎಂದುಕೊಂಡು ನಾನು ನಾಲ್ಕು ಭಾರಿ ಶಬ್ದಗಳನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಅಕ್ಕ ಮೈಕಿನ ಮುಂದೆ ಸೆರಗು ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತು ಮಾತಾಡುವ ದನಿಯಲ್ಲೇ ಶುರುಮಾಡಿದಳು.

“ಹನ್ನೊಂದು ವರ್ಷ ಆತ್ರಿ, ಒಂದು ಮನಿ ಪಾಯಖಾನಿ ತೊಳಿಯಾಕತ್ತೀನಿ. ಮನಿಯವ್ರು ಒಳ್ಳೇವ್ರು, ಚಾ ಕೊಡ್ತಾರ. ನನ್ನ ಕಪ್ಪು ಪಾಯಖಾನಿ ಕಿಟಕ್ಯಾಗ ಇರ್ತೈತಿ, ಫಿನಾಯಿಲ್ ಬಾಟ್ಲಿ ಬಾಜೂಕ. ಹಿಡಿ ಮುರಿದೈತಿ, ಕೈ ಸುಡ್ತೈತಿ ಅಂದೆ ಒಮ್ಮಿ. ನಿನ್ನ ಕೈಗೆ ಇಷ್ಟ ನಾಜೂಕು ಯಾವಾಗ ಬಂತು ಅಂತ ಯಜಮಾನ್ರು ನಕ್ರು. ನಾನೂ ನಕ್ಕೆ. ಇದು ಹಳ್ಳ್ಯಾಗಿನ ಮಾತಲ್ಲರಿ. ಇದ ಹೈದರಾಬಾದ್‍ನಾಗ, ನಮ್ಮ ಕಾಲೋನ್ಯಾಗ. ನಿನ್ನೆ ಸುದ್ದಾ ಅದರಾಗ ಕುಡದೀನಿ.”

ನಿಲ್ಲಿಸಿ ನನ್ನ ಕಡೆ ತಿರುಗಿದಳು.

ನಾನು ಹೇಳಿದೆ. ಫಿನಾಯಿಲ್ ಬಾಟಲಿಯನ್ನೂ ಬಿಡಲಿಲ್ಲ. ದನಿ ನಡುಗಿಸಬೇಕಾದಲ್ಲಿ ನಡುಗಿಸಿದೆ. ಕಾಲೋನಿ ಎಂದಲ್ಲಿ ಮಾತ್ರ ಹಳ್ಳಿ ಎಂದೆ. ನಿನ್ನೆ ಎಂದಲ್ಲಿ, ಬಹಳ ವರ್ಷಗಳ ಹಿಂದೆ ಎಂದೆ. ಯಜಮಾನರ ನಗೆಯನ್ನು ಬಿಟ್ಟೇಬಿಟ್ಟೆ. ಪಾಪ, ಎಂಜಿನಿಯರರ ಮರ್ಯಾದೆ ಎಂದು ಅಂದುಕೊಳ್ಳಿ.

ಜನ ಎದ್ದು ನಿಂತರು. ಮುಂದಿನ ಸಾಲಿನ ವಿದೇಶದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಆದರೆ ವಿಲೇಜ್ ಎಂದರೇನೆಂದು ಅಕ್ಕನಿಗೆ ಗೊತ್ತಿತ್ತು… ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಅಣ್ಣಾ, ನಾ ಹಳ್ಳಿ ಅಂದಿಲ್ಲ. ನಮ್ಮ ಕಾಲೋನಿ ಅಂದೀನಿ. ಹೇಳ್ರಿ ಅವ್ರಿಗೆ.”

ಮೈಕಿನಲ್ಲೇ ಹೇಳಿದಳು. ಅಷ್ಟೂ ಜನ ನನ್ನ ಬಾಯಿ ನೋಡುತ್ತಿದ್ದರು. ಇವರು ನಿಮಗೆಲ್ಲ ವಂದನೆ ಹೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಅಂದೆ. ಚಪ್ಪಾಳೆ ಇನ್ನೂ ಜೋರಾಯಿತು.

ನನ್ನ ಚೇಷ್ಟೆಗಳಲ್ಲಿ ಅಷ್ಟು ನಿಖರವಾಗಿ ಫಲಿಸಿದ್ದು ಇನ್ನೊಂದಿಲ್ಲ. ಆಕೆಯೊಬ್ಬಳನ್ನು ಬಿಟ್ಟು ಬೇರಾರಿಗೂ ಗೊತ್ತಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಆಕೆ ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಏನೋ ತಮಾಷೆ ಮಾಡಿ ನಗಿಸಿ ಮುಗಿಸಿಬಿಡೋಣ ಎಂದು ದಾರಿಯುದ್ದಕ್ಕೂ ಹುಡುಕಿದೆ, ಒಂದೂ ಹೊಳೆಯಲಿಲ್ಲ. ಇಳಿದ ಮೇಲೆ ಆಕೆಯೇ ನಿಂತಳು.

“ನನಗ ಹತ್ತ ನಿಮಿಷ ಸಿಕ್ಕಿತ್ರಿ, ಸಾಹೇಬ್ರ.”

ಅಣ್ಣಾ ಎನ್ನಲಿಲ್ಲ. ಮರುದಿನದಿಂದ ನಮ್ಮ ಸಾಲಿಗೆ ಬೇರೆ ಹೆಂಗಸು ಬರತೊಡಗಿದಳು. ಅಕ್ಕ ಕಾಲೋನಿಯ ಆ ತುದಿಯಲ್ಲಿ ಕೆಲಸ ಹಿಡಿದಿದ್ದಾಳೆಂದು ಗೊತ್ತಿತ್ತು. ದೂರವೇನೂ ಅಲ್ಲ, ನಡೆದರೆ ಐದು ನಿಮಿಷ. ನಾನು ತರಕಾರಿಗೆ ಹೋಗುವ ದಾರಿಯನ್ನೇ ಬದಲಿಸಿದೆ. ಕೆಲವು ವರ್ಷದ ಮೇಲೆ, ಆಕೆ ಹೋದಳು, ನಾಳೆ ಮಣ್ಣು ಎಂದು ಯಾರೋ ಹೇಳಿದರು. ಹೋಗಬೇಕೆಂದು ಚಪ್ಪಲಿ ಮೆಟ್ಟಿದ್ದೆ. ಬಾಗಿಲವರೆಗೆ ಬಂದು ತೆಗೆದಿಟ್ಟೆ.

ಇವತ್ತು ಬೆಳಿಗ್ಗೆ ಆ ಕಪ್ಪಿಗೇ ಚಹಾ ಹಾಕಿಕೊಂಡೆ. ಹಿಡಿಯಲಾಗಲಿಲ್ಲ. ಎರಡು ಸಲ ಎತ್ತಿ ಎರಡು ಸಲವೂ ಕೆಳಗಿಟ್ಟೆ. ಆರಿದ ಮೇಲೆ ಕುಡಿಯುವ ಮನಸ್ಸಾಗಲಿಲ್ಲ. ಇನ್ನೊಂದು ವಾರಕ್ಕೆ ಈ ಮನೆ ಕೆಡವುತ್ತಾರೆ, ಪಾಯಖಾನೆಯ ಕಿಟಕಿಯೂ ಹೋಗುತ್ತದೆ.

ಮೇಲಿನದರಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿದ್ದು. ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಎಂಜಿನಿಯರರು ಯಾರೂ ಇರಲಿಲ್ಲ. ಈ ಕಪ್ಪನ್ನು ನಾನು ಎಲ್ಲಿಂದಲೂ ಎತ್ತಿಕೊಂಡು ಬಂದದ್ದಲ್ಲ.