ಫೋಟೊ ಆದ ಮೇಲೆ ನೀರು

ನಲವತ್ತೇಳನೆಯ ವಯಸ್ಸಿನಲ್ಲಿ ಲೋಲಾಕ್ಷಿ ನೀರಿನಡಿಯಲ್ಲಿ ಬಾಯಿಂದ ಉಸಿರಾಡುವುದನ್ನು ಕಲಿತಳು. ಗಂಡನನ್ನು ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಡಿಸುವುದನ್ನು ಮಾತ್ರ ಇನ್ನೂ ಕಲಿತಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಕೊಲ್ಲಿ ನಾಡಿನ ಅಲ್ ನಹ್ದಾ ಬಡಾವಣೆಯ ಅವರ ಕಟ್ಟಡದ ಕೆಳಗೆ ಕಾರುಗಳು ಸಾಲಾಗಿ ಕಾಯುತ್ತಿದ್ದವು. ಅವಳ ಗಂಡ ಸರ್ವೋತ್ತಮ ಕನ್ನಡ ಕೂಟದ ಕಾರ್ಯದರ್ಶಿ. ಸುತ್ತಿದ ಬ್ಯಾನರನ್ನು ಎಳೆಗೂಸಿನಂತೆ ತೋಳಿನಲ್ಲಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ಕೂಟದ ಸದಸ್ಯ ಶೇಖಪ್ಪನವರ ಕಾರೊಂದು ಮಾತ್ರ ಬರುವುದು ಬಾಕಿಯಿತ್ತು.

"ಹತ್ರಾನ ಅದೀವ್ರೀ, ಸಿಗ್ನಲ್‌ನ್ಯಾಗ ನಿಂತೇವಿ," ಎಂದಿತು ಫೋನು. ಅದರ ಹಿಂದೆಯೇ ಕುಕ್ಕರ್ ಸೀಟಿ ಹೊಡೆಯಿತು.

"ಸಿಗ್ನಲ್‌ನಲ್ಲಿ ಕುಕ್ಕರ್ ಇಟ್ಟಿದ್ದಾರಂತಾ?" ಎಂದಳು ಲೋಲಾಕ್ಷಿ.

"ಸ್ವಲ್ಪ ತಾಳು ಮಾರಾಯ್ತಿ. ನಿನ್ನ ಆಮೆ ಎಲ್ಲಿಗೂ ಓಡಿ ಹೋಗುದಿಲ್ಲ."

"ಕಳೆದ ಸಲ ಓಡ್ಲಿಲ್ವಾ? ನಿಮ್ಮ ಕೂಟವೇ ಓಡಿಸಿದ್ದು!"

ತಪ್ಪು ಅವಳದೇ. ಮನಸ್ಸಿನ ಆಸೆಯನ್ನು ಗಂಡನ ಮುಂದೆ ಬಾಯಿಬಿಡಬಾರದಿತ್ತು. ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದವಳು ಅವಳು. ಬಲೆಗೆ ಆಮೆ ಬಿದ್ದರೆ ಹಿರಿಯರು ಅದರ ಬೆನ್ನಿಗೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಕೈಮುಗಿದು ನೀರಿಗೆ ಬಿಡುತ್ತಿದ್ದರು. ಕೇರಿಗೆ ಕೇರಿಯೇ ಸುತ್ತ ನೆರೆಯುತ್ತಿತ್ತು. ಹಿಂದೆ ನಿಂತ ಪುಟ್ಟ ಲೋಲಾಕ್ಷಿಗೆ ಪ್ರತಿ ಸಲವೂ ಕಂಡದ್ದು ಜನರ ಬೆನ್ನು ಮಾತ್ರ. ಹೆಣ್ಣುಮಕ್ಕಳು ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿಯುವಂತಿರಲಿಲ್ಲ. ಈಜುವ ಆಮೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಅಂದಿನಿಂದ ಉಳಿದುಬಿಟ್ಟಿತ್ತು. ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ದಿನವಿಡೀ ಟೋಕನ್ ಕೂಗುವ ಅವಳನ್ನು ಮೇಲಿನ ಮಹಡಿಯ ಭವ್ಯಶ್ರೀ ಡೈವಿಂಗ್ ತರಗತಿಗೆ ಎಳೆದುಕೊಂಡು ಹೋದಾಗ, ಅದು ಮತ್ತೆ ತಲೆಯೆತ್ತಿತು.

ಅದನ್ನು ಗಂಡನಿಗೆ ಹೇಳಿದಳು. ಗಂಡ ಕೂಟಕ್ಕೆ ಹೇಳಿದ. ಮಾರನೆಯ ವಾರವೇ ಅದು 'ಆಮೆ ದರ್ಶನ ಪ್ರವಾಸ' ಎಂಬ ಕಾರ್ಯಕ್ರಮವಾಗಿ, ಬ್ಯಾನರಿಗೆ ಏರಿತು.

ಕಳೆದ ಸಲ ಫುಜೈರಾದ ತೀರದಲ್ಲಿ ಅವಳೂ ಭವ್ಯಶ್ರೀಯೂ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ದಡದಿಂದಲೇ ನಡೆದು ಇಳಿದಿದ್ದರು. ನೀರಿನೊಳಗೆ ಭವ್ಯಶ್ರೀ ಅಂಗೈ ಮೇಲೆ ಅಂಗೈ ಇಟ್ಟು, ಎರಡೂ ಹೆಬ್ಬೆರಳುಗಳನ್ನು ರೆಕ್ಕೆಯಂತೆ ಆಡಿಸಿದಳು. ಆಮೆ ಇದೆ ಎಂಬ ಸನ್ನೆ. ಲೋಲಾಕ್ಷಿ ತಿರುಗುವಷ್ಟರಲ್ಲಿ, ಮೇಲೆ ತೇಲುತ್ತಿದ್ದ ಕೂಟದವರೂ ಅದನ್ನು ಕಂಡಿದ್ದರು. ಅವಳ ಪಾಲಿಗೆ ಬಂದದ್ದು ಬಡಿಯುವ ಕಾಲುಗಳು, ಕದಡಿದ ಮರಳು, ಶೇಖಪ್ಪನವರ ಹೂವಿನ ಚಡ್ಡಿ. ಊರಿನಲ್ಲಿ ಬೆನ್ನು, ಇಲ್ಲಿ ಕಾಲು.

ಸರ್ವೋತ್ತಮನ ದುಃಖವೇ ಬೇರೆ. ಒದ್ದೆ ಕೂದಲಿನವರೆಲ್ಲ ಸೇರಿ ಅಂದಿನ ಗುಂಪು ಫೋಟೊ ಕೆಟ್ಟಿತ್ತು. ಅದಕ್ಕೇ ಈ ಸಲ ಹೊಸ ನಿಯಮ ಮಾಡಿದ್ದ: ಎಲ್ಲರೂ ಬಂದ ಮೇಲೆ ಫೋಟೊ, ಫೋಟೊ ಆದ ಮೇಲೆ ನೀರು.

ಲೋಲಾಕ್ಷಿಗೆ ಇನ್ನೊಂದು ಸಲ ಎಂಬುದು ಇರಲಿಲ್ಲ. ಭವ್ಯಶ್ರೀಯ ಗಂಡನಿಗೆ ಮಸ್ಕತ್‌ಗೆ ವರ್ಗವಾಗಿ, ಮುಂದಿನ ವಾರ ಅವರು ಹೊರಡುವವರಿದ್ದರು. ಜೊತೆಗಾರರಿಲ್ಲದೆ ಬಂದವರಿಗೆ ಡೈವಿಂಗ್ ಅಂಗಡಿಯವರು ಸಿಲಿಂಡರ್ ಕೊಡುವುದಿಲ್ಲ. ಕೂಟದಲ್ಲಿ ಡೈವಿಂಗ್ ಕಲಿತವರು ಬೇರೆ ಯಾರೂ ಇಲ್ಲ.

ಗುಡ್ಡ ದಾಟಿ ಫುಜೈರಾದ ಕಡಲು ಸೇರುವಾಗ ಬಿಸಿಲು ಏರಿತ್ತು. ಎರಡು ಕೊಡೆಗಳ ಕಂಬಕ್ಕೆ ಬ್ಯಾನರ್ ಕಟ್ಟಿದರು. ಗಾಳಿಗೆ ಅದು ಮಡಚಿಕೊಂಡಿತು, ಬಿಡಿಸಿದರು. ಎತ್ತರದವರು ಹಿಂದೆ ಹೋದರು, ಕುಳ್ಳರು ಮುಂದೆ ಬಂದರು. ಶೇಖಪ್ಪನವರ ಹೆಂಡತಿ ತಾರಾಬಾಯಿ ಬಾಚಣಿಗೆ ಹುಡುಕಿದರು. ಶೇಖಪ್ಪನವರು ಕಲ್ಲಂಗಡಿ ಕೊಯ್ಯುವ ಚಾಕು ತರಲು ಹೋದರು. ಸಾಲಿನ ತುದಿಯಲ್ಲಿ ಕರಿ ರಬ್ಬರಿನ ಉಡುಪು ತೊಟ್ಟು, ಸಿಲಿಂಡರ್ ಹೊತ್ತ ಇಬ್ಬರು ಹೆಂಗಸರು ಬೇಯುತ್ತಿದ್ದರು.

"ಅಕ್ಕಾ, ನನ್ನ ಬೆನ್ನು ಹೋಯ್ತು," ಎಂದಳು ಭವ್ಯಶ್ರೀ.

"ರೀ, ನಾವು ಇಳೀತೇವೆ."

"ಒಂದೇ ನಿಮಿಷ! ಶೇಖಪ್ಪನವರು ಬರ್ಲಿ."

ಶೇಖಪ್ಪನವರು ಬಂದರು. ಅಷ್ಟರಲ್ಲಿ ಬ್ಯಾನರ್ ಹೋಯಿತು. ಗಾಳಿ ಅದನ್ನು ಕಂಬದಿಂದ ಕಿತ್ತು ಕಾರು ನಿಲ್ಲಿಸಿದ ಕಡೆಗೆ ಹೊತ್ತೊಯ್ದಿತು. "ಹಿಡೀರಿ! ಹಿಡೀರಿ!" ಎನ್ನುತ್ತ ಸರ್ವೋತ್ತಮ ಓಡಿದ, ಅವನ ಹಿಂದೆ ಇಡೀ ಕೂಟ ಓಡಿತು.

"ಯಲ್ಲಾ, ನಡಿ," ಎಂದಳು ಲೋಲಾಕ್ಷಿ.

ಕಾಲಿಗೆ ಈಜುರೆಕ್ಕೆಯಂಥ ಫಿನ್ಸ್ ಕಟ್ಟಿಕೊಂಡವರು ಹಿಮ್ಮುಖವಾಗಿಯೇ ನೀರಿಗಿಳಿಯಬೇಕು. ಹಾಗಾಗಿ ಸೊಂಟದ ಮಟ್ಟಕ್ಕೆ ನೀರು ಬರುವವರೆಗೂ ಅವಳಿಗೆ ಗಂಡನ ಓಟ ಕಾಣುತ್ತಿತ್ತು. ಆಮೇಲೆ ಮುಳುಗಿದಳು. ಗದ್ದಲ ನಿಂತಿತು.

ಬಂಡೆಯ ಮರೆಯಲ್ಲಿ ಆಮೆ ಇತ್ತು. ತಳ ಹಿಡಿದ ಪಾತ್ರೆ ಕೆರೆಯುವವರ ಹಾಗೆ ಬಂಡೆಯನ್ನು ಕೆರೆದು ತಿನ್ನುತ್ತಿತ್ತು. ಇವರನ್ನು ಕಂಡು ಕತ್ತೆತ್ತಿತು, ಮತ್ತೆ ತನ್ನ ಕೆಲಸಕ್ಕೆ ಹತ್ತಿತು. ಸ್ವಲ್ಪ ಹೊತ್ತಿಗೆ ಉಸಿರಿಗಾಗಿ ನಿಧಾನವಾಗಿ ಮೇಲೇರಿತು. ಈಗ ಮೇಲಿನವರು ನೋಡಿಯೇ ಬಿಟ್ಟರು ಎಂದುಕೊಂಡು ಲೋಲಾಕ್ಷಿ ಮೇಲಕ್ಕೆ ನೋಡಿದಳು. ಯಾರ ಕಾಲೂ ಬರಲಿಲ್ಲ. ಆಮೆ ಅಷ್ಟೇ ನಿಧಾನವಾಗಿ ಇಳಿದು, ಅವಳ ಮುಖದ ಮುಂದೆಯೇ ಹಾದು, ಬಿಟ್ಟ ಜಾಗಕ್ಕೆ ಮರಳಿತು. ನಡುವೆ ಯಾರ ಬೆನ್ನೂ ಇರಲಿಲ್ಲ.

ದಡಕ್ಕೆ ಬಂದಾಗ ಬ್ಯಾನರ್ ಮತ್ತೆ ನಿಂತಿತ್ತು. ಎಲ್ಲರ ಮುಖವೂ ಬಿಗಿದಿತ್ತು.

"ಎಲ್ಲಿಗೆ ಹೋದದ್ದು ನೀನು? ಕಾರ್ಯದರ್ಶಿಯ ಹೆಂಡತಿಯೇ ಇಲ್ಲದೆ ಎಂತ ಫೋಟೊ!" ಎಂದ ಸರ್ವೋತ್ತಮ.

"ಆಮಿ ಕಂಡಿತೇನ್ರೀ ಅಕ್ಕಾರ?" ಶೇಖಪ್ಪನವರು ಆಗಲೇ ಈಜುವ ಮಾಸ್ಕ್ ಏರಿಸಿಕೊಂಡಿದ್ದರು.

ಭವ್ಯಶ್ರೀಯ ಅಂಗೈ ಮೇಲೆ ಅಂಗೈ ಕೂಡಿತು. ಹೆಬ್ಬೆರಳು ಅಲುಗುವ ಮೊದಲೇ ಲೋಲಾಕ್ಷಿ ಎರಡನ್ನೂ ಒಟ್ಟಿಗೆ ಅದುಮಿ ಹಿಡಿದಳು.

"ಮಾಫಿ," ಎಂದಳು ಅರಬಿಯಲ್ಲಿ. "ಎಂತದೂ ಇಲ್ಲ. ಬರೀ ಮರಳು. ಫೋಟೊ ತೆಗೀರಿ."

ಹನಿ ತೊಟ್ಟಿಕ್ಕುವ ಕೂದಲಿನಲ್ಲೇ ಅವಳು ಸಾಲಿಗೆ ನಿಂತಳು. ಶೇಖಪ್ಪನವರು ಮಾಸ್ಕ್ ತೆಗೆದಿಟ್ಟು ಕಲ್ಲಂಗಡಿಯ ಕಡೆ ನಡೆದರು. ಸರ್ವೋತ್ತಮನಿಗೆ ಹೆಂಡತಿಯ ಮೇಲೆ ಕನಿಕರ ಹುಟ್ಟಿತು.

"ಬೇಜಾರು ಮಾಡ್ಬೇಡ. ಮುಂದಿನ ಸಲ ಬೇಗ ಹೊರಡುವ," ಎಂದು ಪಿಸುಗುಟ್ಟಿದ.

"ಹೂಂ," ಎಂದಳು ಲೋಲಾಕ್ಷಿ. "ಅವರ ಕುಕ್ಕರ್ ಕೂಗಿದ ಕೂಡಲೇ ಹೊರಡುವ."