ಅವ್ವ ಕಲಿತ ತೆಲುಗು

ಪಾರ್ಕಿನ ಗೇಟಿನ ಬಳಿ ಇವತ್ತು ಮೆಕ್ಕೆಜೋಳದ ತೆನೆ ಸುಡುತ್ತಿದ್ದರು. ಆ ಹೊಗೆ ನನ್ನನ್ನು ಹಳೆಯ ಭಾನುವಾರಕ್ಕೆ ಒಯ್ದಿತು.

ಸನತ್‌ನಗರಕ್ಕೆ ಬಂದ ಹೊಸತು; ಸುತ್ತಲೂ ತೆಲುಗಿನವರೇ. ಅಪ್ಪನ ರಜೆಯ ದಿನ ರೊಟ್ಟಿ ಬುತ್ತಿ ಕಟ್ಟಿಕೊಂಡು ಇಲ್ಲಿಗೇ ಬರುತ್ತಿದ್ದೆವು. ಒಮ್ಮೆ ಪುಟ್ಟ ತಮ್ಮ ಕಾಣೆಯಾದ. ಅವ್ವ ಅರೆಬರೆ ತೆಲುಗಿನಲ್ಲಿ, "ಮಾ ಬಾಬು ಪೋಯಾಡು!" ಎಂದು ಚೀರಿದಳು. ನಮ್ಮ ಮಗ ಎಲ್ಲೋ ಹೋದ ಎನ್ನಲು ಹೊರಟಿದ್ದಳು; ಸುತ್ತಲಿನವರಿಗೆ ಸತ್ತ ಎಂದು ಕೇಳಿಸಿತು. ಹೆಂಗಸರು ಅಳತೊಡಗಿದರು. ಅಷ್ಟರಲ್ಲಿ ಮಾಲಿ ಪೊದೆಯ ಹಿಂದೆ ಮಲಗಿದ್ದ ತಮ್ಮನನ್ನು ಎತ್ತಿ ತಂದ. "ಕನಪಡಟಂ ಲೇದು ಅನಾಲಮ್ಮಾ" ಎಂದು ತಿದ್ದಿದ. ಕಾಣಿಸುತ್ತಿಲ್ಲ ಎನ್ನಬೇಕಂತೆ.

"ಇದ್ದ ಮಗನ್ನ ಸಾಯಿಸೇ ಬಿಟ್ಟಿದ್ಯಲ್ಲ!" ಎಂದು ಅಪ್ಪ ನಕ್ಕರು. ಅವ್ವ ನಗಲಿಲ್ಲ.

ಹೋದ ತಿಂಗಳು ತಮ್ಮ ತೀರಿಕೊಂಡ. ಮಾತಾಡಿಸಲು ಬರುವ ತೆಲುಗು ನೆರೆಯವರಿಗೆಲ್ಲ ಅವ್ವ ಒಂದೇ ಮಾತು ಹೇಳುತ್ತಾಳೆ: "ಕನಪಡಟಂ ಲೇದು."