ಬಾಗಿಲು ಸೀಳಿದ ಆಯಿತವಾರ

ನನ್ನ ಸಿಟ್ಟು ಅಪ್ಪನಿಂದ ಬಂದದ್ದು. ಉಳಿ, ಬಾಚಿ, ಕೊಡತಿಗಳ ಜೊತೆಗೆ ಅದೂ ನನ್ನ ಪಾಲಿಗೆ ಬಂತು. ಅಪ್ಪ ಗದ್ವಾಲದ ಹಳೆಯ ವಾಡೆಗಳಲ್ಲಿ ತೊಲೆ, ಬಾಗಿಲು ದುರಸ್ತಿ ಮಾಡುತ್ತಿದ್ದ ಬಡಿಗ. ಕೆಲಸ ಕಲಿಯುವ ದಿನಗಳಲ್ಲಿ ನಾನೊಮ್ಮೆ ಕೆತ್ತನೆಯ ಹಲಗೆಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದ್ದೆ. ಅಪ್ಪ ಕೊಡತಿಯಿಂದ ಬೆರಳ ಮೇಲೆಯೇ ಕೊಟ್ಟ. ಆ ಬೆರಳು ಇವತ್ತಿಗೂ ನೆಟ್ಟಗಾಗಿಲ್ಲ.

"ಕಟ್ಟಿಗಿ ಸತ್ತೈತಿ ಅನಕೊಂಡಿಯೇನಲೇ? ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಕುಗ್ಗತೈತಿ. ಅಳ್ಳಾಡಾಕ ಜಾಗಾ ಬಿಡಬೇಕು" ಅಂದ. ವಿದ್ಯೆ ಕಲಿತೆ, ಕಲಿಸಿದವನನ್ನು ದ್ವೇಷಿಸಿದೆ. ಅವನು ಹೋದಾಗ ಕಣ್ಣಲ್ಲಿ ನೀರು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಈಗ ನನ್ನ ಅಂಗಡಿ ಮಕ್ತಲ್‌ನಲ್ಲಿದೆ. ಅಲ್ಲಿಂದ ನಾರಾಯಣಪೇಟೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿ ಕುರುಬರ ಬೀರಪ್ಪನ ಹಳೆಯ ಗುಡಿ ಇದೆ. ಗೋಡೆ, ಕಂಬ, ಚಾವಣಿ ಎಲ್ಲ ಕಲ್ಲು. ಕಟ್ಟಿಗೆ ಅಂತ ಇರುವುದು ಗರ್ಭಗುಡಿಯ ಬಾಗಿಲು ಮಾತ್ರ. ಸಾಗವಾನಿಯ ಎರಡು ಕದ, ಒಂದೊಂದರ ಮೇಲೂ ಕುದುರೆ ಏರಿದ ಮೈಲಾರ. ಅಂಥ ಕೆತ್ತನೆ ಈಗ ಮಾಡುವವರಿಲ್ಲ, ನನ್ನನ್ನೂ ಸೇರಿಸಿ.

ಎರಡು ವರ್ಷದ ಹಿಂದೆ ಗುಡಿಯ ಹಿರಿಯರು ನನ್ನನ್ನು ಕರೆಸಿದ್ದರು. "ಹಲಗಿ ಟಕಟಕ ಅಂತಾವ ಬಡಿಗೇರ, ಬಂದೋಬಸ್ತ ಮಾಡ್ರಿ." ಹಲಗೆಗಳು ಚೌಕಟ್ಟಿನ ಸಂದಿನಲ್ಲಿ ಸಡಿಲವಾಗಿ ಕೂತಿದ್ದವು, ಹಾಗೆಯೇ ಕೂರಬೇಕಿತ್ತು. ನಾನು ಒಂದು ಮಾತು ಹೇಳಿದೆ. ಹಿರಿಯರು ನಕ್ಕರು: "ದೇವರ ಬಾಗಲಾ ಮುದುಕನ ಹಲ್ಲಿನಂಗ ಅಳ್ಳಾಡಿದ್ರ ಮಂದಿ ನಗೋದಿಲ್ಲೇನ್ರಿ?" ಎರಡನೇ ಮಾತು ಹೇಳುವ ತಾಳ್ಮೆ ನನಗಿರಲಿಲ್ಲ. ಸಂದಿಗೆ ಅಂಟು ತುಂಬಿ, ಅಡ್ಡಕ್ಕೆ ಒಂದರ ಕೆಳಗೊಂದು ಕಬ್ಬಿಣದ ಪಟ್ಟಿ ಇಟ್ಟು, ಸಾಲಾಗಿ ಸ್ಕ್ರೂ ಬಿಗಿದೆ. ಬಾಗಿಲು ಗಪ್ಪಾಯಿತು, ಎಲ್ಲರೂ ಭೇಷ್ ಅಂದರು. ಅದೇ ವರ್ಷ ಕೋತಿ ಬರುತ್ತವೆಂದು ಚಾವಣಿಯ ಬೆಳಕಿಂಡಿಗೆ ಸಿಮೆಂಟ್ ಶೀಟು ಹಾಕಿ ಮುಚ್ಚಿದರು.

ಕಳೆದ ಶ್ರಾವಣದ ಒಂದು ಆಯಿತವಾರ ಮಧ್ಯಾಹ್ನ ನಾನು ಅಲ್ಲಿ ಪ್ರಸಾದದ ಊಟಕ್ಕೆ ಹೋಗಿದ್ದೆ. ವಾರವೆಲ್ಲ ಜಡಿಮಳೆ. ಡೊಳ್ಳಿನ ತೊಗಲು ಥಂಡಿ ಹಿಡಿದು ನುಡಿಯುತ್ತಿರಲಿಲ್ಲ. ಅಂಗಳದಲ್ಲಿ ಬೆಂಕಿ ಮಾಡಿ ಡೊಳ್ಳು ಕಾಯಿಸುವುದು ಅಲ್ಲಿಯ ರೂಢಿ. ಅವತ್ತು ಮಳೆಗೆ ಅಂಜಿ ಬೆಂಕಿಯನ್ನು ಗುಡಿಯೊಳಕ್ಕೇ, ಬಾಗಿಲಿಗೆ ನಾಲ್ಕು ಮೊಳ ದೂರಕ್ಕೆ ತಂದರು. ಜಾಲಿಯ ಕೊರಡುಗಳು ಧಗಧಗ ಉರಿದವು. ಹೊಗೆ ಹೋಗಲು ದಾರಿಯಿಲ್ಲ. ನಲವತ್ತು ಜನರ ಒದ್ದೆ ಕಂಬಳಿಗಳಿಂದ ಹಬೆ ಏಳುತ್ತಿತ್ತು, ಕಲ್ಲು ಬೆವರುತ್ತಿತ್ತು, ಮೈಲಾರನ ಕುದುರೆಯ ಕುತ್ತಿಗೆಯ ಮೇಲೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಬೆಂಕಿ ಏರಿದಂತೆ ಆ ನೀರೂ ಆರಿ ಹಲಗೆಯ ಮುಖ ಬಿಳಿಚಿಕೊಂಡಿತು. ಹಿಂಬದಿಯಲ್ಲಿ ಗರ್ಭಗುಡಿಯ ಥಂಡಿ, ಮುಂಬದಿಯಲ್ಲಿ ಕೆಂಡ. ಹಲಗೆ ತಡೆಯುವುದಿಲ್ಲವೆಂದು ನನಗೆ ಹೊಳೆಯಿತು. ಆದರೂ ಪಾಯಸದ ತಟ್ಟೆ ಕೆಳಗಿಡಲಿಲ್ಲ.

ಗುಡಿಯ ಕಸ ಗುಡಿಸಿ ದೀಪ ಬೆಳಗುವವಳು ಪೂಜಾರಿಯ ಅತ್ತಿಗೆ. ಗಂಡ ತೀರಿ ಬಹಳ ವರ್ಷವಾಗಿತ್ತು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಬಾಗಿಲಿನ ಅಡಿಯಲ್ಲಿ ಇನ್ನೂ ನಿಂತಿದ್ದ ನೀರನ್ನು ಸೆರಗಿನಿಂದ ಒರೆಸಲು ಆಕೆ ಬಗ್ಗಿದಳು. ಆಸರೆಗೆಂದು ಎಡಗೈಯನ್ನು ಹಲಗೆಗೆ ಕೊಟ್ಟಳು.

ಫಟ್ ಎಂದು ಸಿಡಿಯಿತು. ಡೊಳ್ಳು ನಿಂತವು. ಕುದುರೆಯ ಕುತ್ತಿಗೆಯಿಂದ ಮೈಲಾರನ ಸೊಂಟದವರೆಗೆ ಹಲಗೆ ಸೀಳಿತ್ತು.

"ರಂಡಿ ಮುಂಡಿ, ದೇವರ್ನ ಸೀಳಿದ್ಲು!" ಎಂದು ಒದರಿದವನು ಪೂಜಾರಿ. ಕೈಯಲ್ಲಿದ್ದ ಡೊಳ್ಳಿನ ಕೋಲಿನಿಂದ ಮೊದಲ ಏಟು ಆಕೆಯ ಬಾಯಿಗೇ ಬಿತ್ತು. ಎರಡನೆಯದು ಕಿವಿಗೆ. ಬಿದ್ದವಳನ್ನು ಮತ್ತೊಬ್ಬ ಜುಟ್ಟು ಹಿಡಿದು ಎಬ್ಬಿಸಿದ, ಇನ್ನೊಬ್ಬ ಹೊಟ್ಟೆಗೆ ಒದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಈಗಷ್ಟೇ ಆಕೆಯ ಕೈಯಿಂದ ಪ್ರಸಾದ ತಿಂದವರೂ ಎದ್ದು ಹೋಗಿ ಒಂದೊಂದು ಕೊಟ್ಟು ಬಂದರು. ಆಕೆ ಕಂಬ ತಬ್ಬಿಕೊಂಡು ಒಂದೊಂದೇ ಮುಖ ನೋಡಿದಳು. ನನ್ನ ಮುಖವನ್ನೂ ನೋಡಿದಳು.

ನಾನು ನೋಡುತ್ತಿದ್ದದ್ದು ಸೀಳನ್ನು. ಅದು ನನ್ನ ಸ್ಕ್ರೂಗಳ ಸಾಲು ಹಿಡಿದೇ, ಒಂದರಿಂದ ಒಂದಕ್ಕೆ ಹಾಯ್ದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲನ್ನೂ ಮುಟ್ಟಲಿಲ್ಲ, ಕೈ ಕಟ್ಟಿಕೊಂಡು ನಿಂತೆ. ಹೆದರಿದ್ದೆ, ಅಷ್ಟೇ.

ಕೊನೆಗೆ ಹಿರಿಯರು ಬಾಯಿ ಬಿಟ್ಟರು. "ಗುಡ್ಯಾಗ ರಕ್ತ ಬೀಳಬಾರದು, ಹೊರಗ ಹಾಕ್ರಿ." ಕಾಲು ಹಿಡಿದು ಮಳೆಗೆ ಎಳೆದು ಹಾಕಿದರು. ನಾಳೆ ಮುಂಜಾನೆ ಹಿರಿಯರೆಲ್ಲ ಕೂತು ಆಕೆಯನ್ನು ಊರು ಬಿಡಿಸುವುದೆಂದು ಅಲ್ಲೇ ಮಾತಾಯಿತು. ಗುಂಡುಮಾಲ್‌ನಲ್ಲಿದ್ದ ತವರು ಎಂದೋ ಮುಗಿದಿತ್ತು. ಆ ಗುಡಿ, ಅದರ ಹಿಂದಿನ ಒಂದು ಕೋಣೆ, ಇಷ್ಟು ಬಿಟ್ಟರೆ ಆಕೆಗೆ ಹೋಗಲು ನೆಲೆಯಿರಲಿಲ್ಲ.

ಮಕ್ತಲ್‌ಗೆ ಬಂದವನು ಅಂಗಡಿಯಲ್ಲಿ ಮುಗಿಸಿಟ್ಟಿದ್ದ ಕಿಟಕಿಯ ಚೌಕಟ್ಟನ್ನು ಕೊಡತಿಯಿಂದ ಒಡೆದು ಹಾಕಿದೆ. ಹೆಂಡತಿ ಬಂದು ಕಾರಣ ಕೇಳಿದಳು, ಹೇಳಿದೆ. "ಕಟ್ಟಿಗಿ ಮ್ಯಾಲೆ ಯಾಕ ಗಂಡಸ್ತನಾ ತೋರಸ್ತೀರಿ? ಅಲ್ಲಿ ಹೋಗಿ ಹೇಳ್ರಿ" ಅಂದಳು.

ಮರುದಿನ ಮುಂಜಾನೆ ಹೋದೆ. ಹಿರಿಯರು ಗುಡಿಯೊಳಗೆ ಕೂತಿದ್ದರು, ಬೂದಿ ಇನ್ನೂ ಬೆಚ್ಚಗಿತ್ತು. ಆಕೆ ಹೊರಗೆ ಮೆಟ್ಟಿಲಿನ ಮೇಲೆ, ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತಿದ್ದಳು.

"ತಪ್ಪು ಆಕಿದಲ್ರೀ, ನಂದು" ಅಂದೆ. "ಹಿಂದ ಥಂಡಿ, ಮುಂದ ಬೆಂಕಿ. ಒಂದ ಮಗ್ಗಲಾ ಸುಟ್ಟ ರೊಟ್ಟಿ ಮುರುಟಿಕೊಳ್ಳೋದಿಲ್ಲೇನು? ಹಲಗಿ ಕುಗ್ಗಾಕ ನೋಡಿತು. ನಾ ಸ್ಕ್ರೂ ಹೊಡದು ಹಿಡದಿಟ್ಟಿದ್ದೆ. ಜಾಗಾ ಸಿಗದ ಸೀಳಿತು."

"ನಿನ್ನ ಯಾವನಲೇ ಕರದ?" ಎಂದ ಪೂಜಾರಿ.

ಮಾತಿನಿಂದ ಆಗುವ ಕೆಲಸವಲ್ಲ. ಸೀಳದೆ ಉಳಿದ ಇನ್ನೊಂದು ಕದಕ್ಕೆ ಕೈ ಹಾಕಿದೆ. ಉಳಿಯಿಂದ ಅಂಟು ಕಡಿದು ಸ್ಕ್ರೂ ಒಂದೊಂದೇ ಬಿಚ್ಚಿದೆ. ಕೊನೆಯದು ಸಡಿಲವಾಗುತ್ತಲೇ ಹಲಗೆ ಕಿರ್ರೆಂದು ನರಳಿ ತಾನಾಗಿ ಸರಿಯಿತು. ಚೌಕಟ್ಟಿಗೂ ಅದಕ್ಕೂ ನಡುವೆ ಗೋಧಿಕಾಳು ಹೋಗುವಷ್ಟು ಸಂದು ಬಿತ್ತು.

ಹಿರಿಯರು ಬಗ್ಗಿ ಆ ಸಂದು ನೋಡಿದರು. ಆಮೇಲೆ ಹಿಂದಿದ್ದ ಮುದುಕ ಡೊಳ್ಳಿನವನೊಬ್ಬ ಹೇಳಿದ: "ಖರೇ ಐತಿ. ಅದಕ್ಕ ನಾವು ತೊಗಲಷ್ಟ ಬೆಂಕಿಗೆ ತೋರಸ್ತೀವಿ, ಡೊಳ್ಳಿನ ಕಟ್ಟಿಗಿಗೆ ಕಾವು ಹತ್ತಾಕ ಬಿಡೂದಿಲ್ಲ. ಹತ್ತಿದ್ರ ಸೀಳತೈತಿ." ಅಂದರೆ ಅಲ್ಲಿದ್ದ ಡೊಳ್ಳಿನವರಿಗೆಲ್ಲ ಅದು ಗೊತ್ತಿದ್ದ ವಿಷಯ! ತಮ್ಮ ಡೊಳ್ಳಿಗೆ ಇಟ್ಟಷ್ಟು ಬುದ್ಧಿಯನ್ನು ದೇವರ ಬಾಗಿಲಿಗೆ ಇಟ್ಟಿರಲಿಲ್ಲ.

ಅವರು ನನ್ನ ಮಾತು ನಂಬಿದರು. ನಂಬಿದ್ದಕ್ಕೇ ಹೊಡೆದರು. ಅವರಿಗೆ ಹೊಡೆಯಲು ಒಬ್ಬರು ಬೇಕಾಗಿತ್ತು, ನಾನು ಸಿಕ್ಕಿದೆ. ಪೂಜಾರಿ ನನ್ನ ಮೂಗಿಗೆ ಗುದ್ದಿದ. ನಾನು ಸುಮ್ಮನಿರಲಿಲ್ಲ; ಕೊಡತಿ ಬೀಸಿ ಅವನ ಮಣಿಕಟ್ಟಿಗೆ ಇಟ್ಟೆ, ಎಲುಬು ಮುರಿದ ಸದ್ದು ಕಿವಿಗೆ ಕೇಳಿತು, ನನಗೆ ಹಿತವಾಯಿತು. ಆಮೇಲೆ ಎಷ್ಟು ಜನ ಮೇಲೆ ಬಿದ್ದರೋ ತಿಳಿಯದು. ಎರಡು ಪಕ್ಕೆಲುಬು ಮುರಿದವು. ಪೆಟ್ಟು ಬಿದ್ದಷ್ಟೂ ಲೆಕ್ಕ ಚುಕ್ತವಾಯಿತೆಂದು ಒಳಗೊಳಗೇ ಖುಷಿಪಟ್ಟೆ, ನನ್ನಂಥ ಮೂರ್ಖ.

ಆಕೆಯನ್ನು ಊರು ಬಿಡಿಸಲಿಲ್ಲ. ಬೆಳಕಿಂಡಿ ತೆರೆದರು, ಬೆಂಕಿ ಮತ್ತೆ ಅಂಗಳಕ್ಕೆ ಹೋಯಿತು. ಬಾಗಿಲಿನ ಕೆಲಸಕ್ಕೆ ಗದ್ವಾಲದಿಂದ ಬೇರೆ ಬಡಿಗ ಬಂದ.

ದಸರಾ ಕಳೆದ ಮೇಲೆ ಮಕ್ತಲ್ ಬಸ್ ನಿಲ್ದಾಣದಲ್ಲಿ ಆಕೆ ಕಂಡಳು. ನಾರಾಯಣಪೇಟೆಯ ಆಸ್ಪತ್ರೆಗೆ ಹೊರಟಿದ್ದಳು. ಮುಂದಿನ ಮೂರು ಹಲ್ಲು ಇರಲಿಲ್ಲ, ಎಡಗಿವಿ ಕೇಳಿಸುತ್ತಿರಲಿಲ್ಲ, ನಾನು ಬಲಕ್ಕೆ ಬಂದು ನಿಲ್ಲಬೇಕಾಯಿತು. 'ನನಗಾಗಿ ಇಷ್ಟು ಏಟು ತಿಂದಿರಲ್ಲ' ಅನ್ನುತ್ತಾಳೆಂದು ಒಳಗೆ ಆಸೆಯಿತ್ತು, ನಾಚಿಕೆಗೇಡು ಆದರೂ ಹೇಳುತ್ತೇನೆ.

"ನಾ ನಿಮ್ ಕಡೆ ನೋಡಿದಾಗ, ಅವಾಗ ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದಳು.

"ಗೊತ್ತಿತ್ತಕ್ಕಾ."

ಬಸ್ಸು ಬಂತು. ಆಕೆ ಚೀಲ ಎತ್ತಿಕೊಂಡಳು.

"ಅವ್ರೆಲ್ಲಾ ತಿಳೀಲಾರದ ಹೊಡದ್ರು" ಅಂದಳು. "ತಿಳದು ನಿಂತು ನೋಡಿದಾವ್ರು ನೀವೊಬ್ರ."

ಬಸ್ಸು ಹತ್ತಿ, ನಾನು ನಿಂತ ಕಡೆಯ ಕಿಟಕಿಯ ಪಕ್ಕ ಜಾಗ ಖಾಲಿಯಿದ್ದರೂ ಆಚೆ ಬದಿಗೆ ಹೋಗಿ ಕೂತಳು.